ಹತ್ತು ಅಡಿ ಅಗಲದ ಮನೆ

ಮನೆ ಕಟ್ಟುವದರ ಬಗ್ಗೆ ನಮ್ಮಲ್ಲಿ ಶಾಸ್ತ್ರವಿದೆ, ಮುಹೂರ್ತವಿದೆ, ನೆರೆಹೊರೆಯವರ ಬುದ್ಧಿವಾದವಂತೂ ಬೇಡವೆಂದರೂ ಇದೆ. ಆದರೆ ಕಟ್ಟಿದ ಮನೆಯೊಳಗೆ ಮಂಚವೆಲ್ಲಿ, ಕಪಾಟವೆಲ್ಲಿ, ಕುರ್ಚಿಯೆಲ್ಲಿ ಎಂಬ ಪ್ರಶ್ನೆ ಬಂದಾಗ ನಾವು ಕ್ಷಣಕಾಲವೂ ವಿಚಾರಿಸುವದಿಲ್ಲ. ಸಾಮಾನು ಹೊತ್ತು ತಂದ ಹಮಾಲನು ದಣಿದು ಎಲ್ಲಿ ಇಳಿಸುವನೋ ಅದೇ ಅದರ ಶಾಶ್ವತ ಸ್ಥಾನವಾಗಿಬಿಡುತ್ತದೆ. ಮುಂದೆ ಇಪ್ಪತ್ತು ವರ್ಷ ಮನೆಯ ಜನರೆಲ್ಲ ಅದಕ್ಕೆ ಮೊಣಕಾಲು ತಾಗಿಸಿಕೊಳ್ಳುತ್ತ ಓಡಾಡುವರು. ಹಳೆಯ ಸಂಸ್ಕೃತ ಶಿಕ್ಷಕನೊಬ್ಬನು ಮಂಚ-ಕಪಾಟಗಳ ವಿಷಯವಾಗಿ ಬರೆಯಹತ್ತಿದನಲ್ಲಾ ಎಂದು ವಾಚಕ ಬಂಧು-ಭಗಿನಿಯರಿಗೆ ಆಶ್ಚರ್ಯವಾದೀತು. ಈ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪಿನ ಫಲವನ್ನು ನನ್ನ ತಾಯಿಯವರು ಉಣ್ಣಬೇಕಾಯಿತು. ಅದಕ್ಕಾಗಿ ಬರೆಯುತ್ತಿದ್ದೇನೆ.

ಧಾರವಾಡದ ಹಳೆಯ ಮನೆಗಳಲ್ಲಿ ಇಡಲಿಕ್ಕೆ ಸಾಮಾನುಗಳೇ ಇರಲಿಲ್ಲವೆಂದರೂ ನಡೆದೀತು. ಎರಡು-ಎರಡೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಅದರಲ್ಲಿ ದೀಪಕ್ಕೊಂದು ಮಾಡ, ಪಂಚಾಂಗಕ್ಕೊಂದು ಮಾಡ, ಕುಂಕುಮದ ಭರಣಿಗೆ ಇನ್ನೊಂದು. ಅಂಗಿ-ರುಮಾಲುಗಳಿಗೆ ಗೂಟಗಳು, ಡಬ್ಬಿಗಳಿಗೆ ನಾಗಂದಿಗೆ, ವರ್ಷಕ್ಕೊಮ್ಮೆ ಬೇಕಾಗುವ ಪಾತ್ರೆಗಳಿಗೆ ಅಟ್ಟ. ಬೆಳಿಗ್ಗೆ ಗಾದಿಗಳನ್ನು ಸುತ್ತಿ ಒಂದು ಮೂಲೆಗೆ ಒಟ್ಟಿದರೆ ಪಡಸಾಲೆಯು ಪಾಠಶಾಲೆಯಾಗುತ್ತಿತ್ತು. ಮಧ್ಯಾಹ್ನ ಮಣೆ ಹಾಕಿದರೆ ಭೋಜನಶಾಲೆ. ಸಂಜೆ ನವಲಗುಂದದ ಜಮಖಾನೆ ಹಾಸಿದರೆ ಬಂದ ಬೀಗರಿಗೆ ಸಭಾಮಂಟಪ. ರಾತ್ರಿ ತಿರುಗಿ ಗಾದಿ. ಜಪಾನ ದೇಶದವರ ಹಳೆಯ ಪದ್ಧತಿಯೂ ಹೀಗೆಯೇ. ಅವರು ಕೋಣೆಯನ್ನು ಆರು ಅಡಿ ಉದ್ದ ಮೂರು ಅಡಿ ಅಗಲದ ಚಾಪೆಗಳ ಲೆಕ್ಕದಿಂದ ಅಳೆಯುವರು. ನಾವು ಕಂಬದಿಂದ ಕಂಬಕ್ಕೆ ಅಂಕಣಗಳ ಲೆಕ್ಕದಿಂದ ಅಳೆಯುತ್ತಿದ್ದೆವು. ಆ ಮೇಲೆ ಮಂಚ ಬಂತು, ಟೇಬಲ್ಲು ಬಂತು, ತಿಜೋರಿ, ಸೋಫಾ, ಫ್ರಿಜ್ಜು, ಟೀವಿ ಎಲ್ಲವೂ ಒಂದರ ಹಿಂದೊಂದು ಬಂದವು. ಇವುಗಳಲ್ಲಿ ಒಂದನ್ನೂ ಬೆಳಿಗ್ಗೆ ಸುತ್ತಿ ಮೂಲೆಗಿಡಲು ಬರುವದಿಲ್ಲ. ಮನೆಯ ವಿಸ್ತಾರ ಮಾತ್ರ ಅಷ್ಟೇ ಉಳಿಯಿತು. ಎಷ್ಟೋ ಕಡೆಗೆ ಪಾಲಾಗಿ ಅರ್ಧವೂ ಆಯಿತು.

ನಮ್ಮದು ಅಂಥ ಅರ್ಧವಾದ ಮನೆ. ಕಾಮನಕಟ್ಟಿಯ ಕಡೆಗೆ, ಪೂರ್ವಕ್ಕೆ ಬಾಗಿಲು. 1998ರಲ್ಲಿ ನಾನೂ ನನ್ನ ಅಣ್ಣನೂ ಬೇರೆಯಾದಾಗ ನಡುವಿನ ಕಂಬಗಳ ಸಾಲನ್ನೇ ಗಡಿಯೆಂದು ಹಿಡಿದು ಇಟ್ಟಂಗಿಯ ಗೋಡೆ ಎಬ್ಬಿಸಿದೆವು. ಉತ್ತರದ ಪಾಲು ಅಣ್ಣನಿಗೆ, ದಕ್ಷಿಣದ್ದು ನನಗೆ. ನನ್ನ ಪಾಲಿನ ಅಗಲ ಹತ್ತು ಅಡಿ. ಉದ್ದ ಬೀದಿಯಿಂದ ಹಿತ್ತಲಿನ ವರೆಗೆ ನಾಲ್ವತ್ತೈದು ಅಡಿ. ಮೊದಲು ದನ ಕಟ್ಟುತ್ತಿದ್ದ ತಗ್ಗಿನ ಅಂಕಣ. ಅಲ್ಲಿಂದ ಎರಡು ಮೆಟ್ಟಿಲು ಏರಿದರೆ ಎರಡು ಅಂಕಣದ ಪಡಸಾಲೆ. ಅದರ ಹಿಂದೆ ಕತ್ತಲೆಯ ನಡುಮನೆ. ಆ ಮೇಲೆ ಅಡಿಗೆಮನೆ. ಕೊನೆಗೆ ಮೂರು ಮೆಟ್ಟಿಲು ಇಳಿದರೆ ಹಿತ್ತಲು, ಬಚ್ಚಲು. ಎರಡೂ ಮಗ್ಗುಲಿಗೆ ಪರರ ಗೋಡೆಗಳಾದ್ದರಿಂದ ಕಿಡಿಕಿ ಒಂದೂ ಇಲ್ಲ. ಹಂಚಿನಲ್ಲಿ ಕೂಡಿಸಿದ ಎರಡು ಗಾಜಿನ ಬೆಳಕಿಂಡಿಗಳಿಂದ ಬಂದಷ್ಟೇ ಬೆಳಕು. ಉತ್ತರದ ಗೋಡೆಯಿಂದ ಹಳೆಯ ಕಂಬಗಳು ಅರ್ಧ ಹೊರಗೆ ಬಂದು ನಿಂತಿವೆ; ಅವುಗಳ ಅಡಿಗಲ್ಲು ಇನ್ನೂ ಒಂದು ಗೇಣು ಮುಂದೆ. ಆದುದರಿಂದ ಆ ಗೋಡೆಗೆ ಯಾವ ಕಪಾಟವೂ ಸರಿಯಾಗಿ ಆತು ನಿಲ್ಲುವದಿಲ್ಲ. ನನ್ನ ಮಗಳು ಚಿಕ್ಕವಳಿದ್ದಾಗ ಈ ಮನೆಗೆ ರೈಲಿನ ಡಬ್ಬಿಯೆಂದೇ ಹೆಸರಿಟ್ಟಿದ್ದಳು.

ಪಾಲಿನ ಗೋಡೆ ಏಳುವಾಗ ನನ್ನ ತಾಯಿಯವರು ಒಂದೇ ಒಂದು ಮಾತು ಹಿಡಿದು ಕುಳಿತರು. ಪಡಸಾಲೆಯ ನಡುವೆ ಒಂದು ಬಾಗಿಲನ್ನು ಬಿಡಲೇಬೇಕು, ತಾವು ಎರಡೂ ಕಡೆಗೆ ಹೋಗಿ-ಬಂದು ಮಾಡುವವರು ಎಂದು. ಬಿಟ್ಟೆವು. ಆದರೆ ಒಂದು ವರ್ಷ ತುಂಬುವದರೊಳಗೆ ನೀರಿನ ನಳದ ಸಲುವಾಗಿ ಮಾತಿಗೆ ಮಾತು ಬೆಳೆದು ಆ ಬಾಗಿಲಿಗೆ ಎರಡೂ ಕಡೆಯಿಂದ ಅಗಳಿ ಬಿದ್ದಿತು. ಅಗಳಿ ಸಾಲದೆಂಬಂತೆ ನಾನು ನನ್ನ ಪುಸ್ತಕಗಳ ದೊಡ್ಡ ಕಪಾಟವನ್ನು ತಂದು ಅದಕ್ಕೆ ಅಡ್ಡಲಾಗಿ ನಿಲ್ಲಿಸಿದೆನು. ತಾಯಿಯವರು ಬೀದಿಯ ಮೇಲಿಂದ ಸುತ್ತಿಕೊಂಡು ಅಣ್ಣನ ಮನೆಗೆ ಹೋಗಿ ಬರತೊಡಗಿದರು. 2015ರಲ್ಲಿ ಅಣ್ಣ ತೀರಿಕೊಂಡನು. ಕಪಾಟ ಮಾತ್ರ ಅಲ್ಲಿಯೇ ಇತ್ತು.

2023ರ ಮೇ ತಿಂಗಳ ಕೊನೆಗೆ, 34 ವರ್ಷಗಳ ಸೇವೆಯ ನಂತರ, ನಾನು ನಿವೃತ್ತನಾದೆನು. ಶಾಲೆಯ ಕಪಾಟದಲ್ಲಿದ್ದ ನನ್ನ ಸ್ವಂತ ಪುಸ್ತಕಗಳು ಐದು ಚೀಲಗಳಲ್ಲಿ ಮನೆಗೆ ಬಂದವು. ಅವುಗಳ ಸಲುವಾಗಿ ಇನ್ನೊಂದು ಕಪಾಟವನ್ನು ಕೊಂಡೆನು. ಇನ್ನು ಮೇಲೆ ದಿನವೆಲ್ಲ ಓದು-ಬರಹವೆಂಬ ಹುಮ್ಮಸ್ಸಿನಲ್ಲಿ ಇಡೀ ಮನೆಯ ವ್ಯವಸ್ಥೆಯನ್ನೇ ಶಾಸ್ತ್ರೋಕ್ತವಾಗಿ ಮಾಡುವೆನೆಂದು ಹೊರಟೆನು. ಹಿರಿಯರಿಗೆ ನೈರುತ್ಯ ದಿಕ್ಕು ಶ್ರೇಷ್ಠವೆಂದು ಹೇಳುವರಾದ್ದರಿಂದ ತಾಯಿಯವರ ಮಂಚ ನಡುಮನೆಗೆ ಹೋಯಿತು; ತಲೆ ದಕ್ಷಿಣಕ್ಕೆ. ಬೆಳಕಿಂಡಿಯ ನೇರ ಕೆಳಗೆ, ಪಡಸಾಲೆಯ ಮಧ್ಯಭಾಗದಲ್ಲಿ, ನನ್ನ ಟೇಬಲ್ಲು-ಕುರ್ಚಿ. ಹೊಸ ಕಪಾಟಕ್ಕೆ ಎಲ್ಲಿಯೂ ಸ್ಥಳ ಸಾಲದೆ ಅದನ್ನು ನಡುಮನೆಯಲ್ಲಿ, ಅಡಿಗೆಮನೆಯ ಬಾಗಿಲ ಬದಿಗೆ ನಿಲ್ಲಿಸಿದೆನು. ಬಾಗಿಲಿಗೆ ಹೋಗುವ ದಾರಿ ಒಂದೂವರೆ ಅಡಿ ಉಳಿಯಿತು. ನಾನು ತೆಳ್ಳಗಿನ ಮನುಷ್ಯ. ನನಗೆ ಅದು ಸಾಕಾಗಿತ್ತು.

ಆಗಸ್ಟ ತಿಂಗಳ ಒಂದು ರಾತ್ರಿ ಜಡಿಮಳೆ ಹಿಡಿದು ಕರೆಂಟು ಹೋಗಿತ್ತು. ತಾಯಿಯವರು ಬಚ್ಚಲಿಗೆಂದು ಎದ್ದವರು ಆ ಇಕ್ಕಟ್ಟಿನಲ್ಲಿ ಕಪಾಟದ ಕಾಲಿಗೆ ಸೀರೆ ಸಿಕ್ಕು ಬಿದ್ದರು. ತೊಡೆಯ ಕೀಲಿನ ಹತ್ತಿರ ಎಲುಬು ಮುರಿಯಿತು. ಅವರಿಗೆ ಆಗ ಎಂಬತ್ತನಾಲ್ಕು ವಯಸ್ಸು. ಶಸ್ತ್ರಕ್ರಿಯೆ ಸುದೈವದಿಂದ ಸರಿಯಾಗಿ ಆಯಿತು. ಆಸ್ಪತ್ರೆಯಲ್ಲಿ ಎಚ್ಚರಾದ ಮೇಲೆ ಅವರು ನನಗೆ ಅಂದ ಮೊದಲನೆಯ ಮಾತು ಇದು: "ನಿನ್ನ ಪುಸ್ತಕಕ್ಕೆಲ್ಲಾ ಜಾಗಾ ಮಾಡೀದಿ. ನನಗ ದಾರಿ ಬಿಡಲಿಲ್ಲ ನೋಡು." ಸಿಟ್ಟಿನಿಂದ ಅಂದದ್ದಲ್ಲ, ಲೆಕ್ಕದಲ್ಲಿ ತಪ್ಪು ತೋರಿಸುವವರಂತೆ ಅಂದರು.

ಮನೆಗೆ ಕಳಿಸುವಾಗ ಡಾಕ್ಟರರು ಹೇಳಿದ ಮಾತುಗಳು ಇವು. ವಾಕರು ಹಿಡಿದೇ ನಡೆಯಬೇಕು. ಅದು ಹೊರಳಲಿಕ್ಕೆ ಮೂರು ಅಡಿ ದಾರಿ ಬೇಕು. ಮಂಚದ ಮೇಲೆ ಕುಳಿತಾಗ ಎರಡೂ ಅಂಗಾಲು ನೆಲಕ್ಕೆ ಹತ್ತಬೇಕು, ಮೊಣಕಾಲು ಸೊಂಟಕ್ಕಿಂತ ಮೇಲೆ ಏರಬಾರದು. ಕೈಗಳಿರುವ ಕುರ್ಚಿ ಬೇಕು. ಮೆಟ್ಟಿಲು ಸದ್ಯಕ್ಕೆ ಬೇಡ. ನಮ್ಮ ಮನೆಯಲ್ಲಿ ಬಚ್ಚಲಕ್ಕೆ ಹೋಗಬೇಕೆಂದರೆ ಮೂರು ಮೆಟ್ಟಿಲು, ಬೀದಿಗೆ ಹೋಗಬೇಕೆಂದರೆ ಎರಡು ಮೆಟ್ಟಿಲು. ನಡುವೆ ಎಲ್ಲಿಯೂ ಮೂರು ಅಡಿ ದಾರಿಯಿಲ್ಲ.

ಕಷ್ಟ ಬಂದಾಗ ಪುಸ್ತಕ ತೆರೆಯುವದು ನನ್ನ ಹಳೆಯ ಚಟ. ವರಾಹಮಿಹಿರಾಚಾರ್ಯರ ಬೃಹತ್ಸಂಹಿತೆಯಲ್ಲಿ ಶಯ್ಯೆ ಮತ್ತು ಆಸನಗಳ ಲಕ್ಷಣ ಹೇಳುವ ಒಂದು ಅಧ್ಯಾಯವೇ ಇದೆ. ಎಂಟು ಜವೆಯ ಕಾಳುಗಳಿಗೆ ಒಂದು ಅಂಗುಲ. ಅಂಥ ನೂರು ಅಂಗುಲ ಉದ್ದದ ಮಂಚ ಅರಸನಿಗೆ, 90 ರಾಜಪುತ್ರನಿಗೆ, 84 ಮಂತ್ರಿಗೆ, 78 ಸೇನಾಪತಿಗೆ, 72 ಪುರೋಹಿತನಿಗೆ. ಅಂಗುಲವನ್ನು ಮುಕ್ಕಾಲು ಇಂಚೆಂದು ಹಿಡಿದರೆ ಅರಸನದು ಆರು ಅಡಿ ಮೂರು ಇಂಚು, ಪುರೋಹಿತನದು ನಾಲ್ಕೂವರೆ ಅಡಿ. ನಾನು ಪುರೋಹಿತರ ಮನೆತನದವನು. ಕಾಲು ಮಡಚಿ ಮಲಗುವ ನಮ್ಮ ರೂಢಿಯ ಮೂಲ ಇದೇ ಇದ್ದೀತೆಂದು ಅಂಥ ಚಿಂತೆಯಲ್ಲಿಯೂ ನಗು ಬಂತು. ಮಂಚದ ಕಾಲಿನ ಎತ್ತರವು ಉದ್ದದ ಮೂರರಲ್ಲೊಂದು ಪಾಲೆಂದು ಅಲ್ಲಿ ಹೇಳಿದೆ. ಆ ಲೆಕ್ಕದಿಂದ ನಮ್ಮ ಆರು ಅಡಿಯ ಮಂಚಕ್ಕೆ ಎರಡು ಅಡಿ ಎತ್ತರವಾಗಬೇಕು. ತಾಯಿಯವರ ಕಾಲು ನೆಲಕ್ಕೆ ಹತ್ತುವ ಮಾತೇ ಇಲ್ಲ. ಅವರನ್ನು ಕುರ್ಚಿಯಲ್ಲಿ ಕೂಡಿಸಿ ಮೊಣಕಾಲಿನಿಂದ ಹಿಮ್ಮಡಿಯ ವರೆಗೆ ದಾರ ಹಿಡಿದು ಅಳೆದೆನು, ಹದಿನೇಳು ಇಂಚಾಯಿತು. ಬಡಿಗನನ್ನು ಕರೆಯಿಸಿ, ಹದಿನಾಲ್ಕು ಇಂಚಿದ್ದ ಮಂಚದ ಕಾಲುಗಳಿಗೆ ತುಂಡು ಕೂಡಿಸಿ, ಗಾದಿ ಸಹಿತವಾಗಿ ಹದಿನೆಂಟು ಇಂಚಿಗೆ ತಂದೆವು.

ಶಾಸ್ತ್ರವನ್ನು ಹಳಿಯುವದು ನನ್ನ ಉದ್ದೇಶವಲ್ಲ. ಅದೇ ಗ್ರಂಥದ ವಾಸ್ತುವಿದ್ಯೆಯ ಅಧ್ಯಾಯದಲ್ಲಿ ನಿವೇಶನವನ್ನು ಎಂಬತ್ತೊಂದು ಪದಗಳಾಗಿ ವಿಭಾಗಿಸಿ, ನಟ್ಟನಡುವಿನ ಒಂಬತ್ತನ್ನು ಬ್ರಹ್ಮನಿಗೆ ಕೊಟ್ಟಿದೆ. ಮರ್ಮಸ್ಥಾನಗಳ ಮೇಲೆ ಕಂಬ, ಗೂಟ, ಮುಸುರೆಯ ಪಾತ್ರೆ ಯಾವದನ್ನೂ ಹೇರಬಾರದೆಂದು ಎಚ್ಚರಿಸಿದೆ. ಮನೆಯ ನಡು ಬಯಲಾಗಿರಬೇಕೆಂಬದು ಹಿರಿಯರಿಗೆ ಗೊತ್ತಿತ್ತು. ಬ್ರಹ್ಮನ ಸ್ಥಾನದಲ್ಲಿ ಟೇಬಲ್ಲು ಇಟ್ಟುಕೊಂಡು ಕುಳಿತವನು ನಾನು. ಗ್ರಂಥದಲ್ಲಿ ದಿಕ್ಕುಗಳಿದ್ದವು, ಅಂಗುಲಗಳಿದ್ದವು; ಮುದುಕಿಯೊಬ್ಬಳು ರಾತ್ರಿಯಲ್ಲಿ ಎಷ್ಟು ಸಲ ಏಳುವಳೆಂಬದನ್ನು ಮನೆಯವನೇ ನೋಡಿಕೊಳ್ಳಬೇಕಿತ್ತು.

ಹೆಜ್ಜೆಗಳನ್ನು ಎಣಿಸಿ ಕೋಣೆಯನ್ನು ರಚಿಸಿದ ಒಬ್ಬ ವಿದುಷಿಯ ವಿಷಯವನ್ನು ಆಗಲೇ ಓದಿದೆನು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬವರು ಸಾಮಾನ್ಯ ಕುಟುಂಬಗಳ ಹೊಸ ವಸತಿಗಳಿಗಾಗಿ ಒಂದು ಅಡಿಗೆಮನೆಯನ್ನು ಯೋಜಿಸಿದರು. ಸುಮಾರು ಆರು ಅಡಿ ಅಗಲ, ಹನ್ನೊಂದು ಅಡಿ ಉದ್ದ. ಮಾದರಿಯಾಗಿ ಅವರ ಕಣ್ಣ ಮುಂದೆ ಇದ್ದದ್ದು ರೈಲಿನ ಊಟದ ಡಬ್ಬಿಯಲ್ಲಿಯ ಅಡಿಗೆಕೋಣೆ. ಒಲೆಯಿಂದ ನೀರಿಗೆ, ನೀರಿನಿಂದ ಕಪಾಟಕ್ಕೆ ಗೃಹಿಣಿ ಇಡುವ ಹೆಜ್ಜೆಗಳನ್ನು ಲೆಕ್ಕ ಹಾಕಿ, ವ್ಯರ್ಥ ಹೆಜ್ಜೆಗಳನ್ನು ಕಳೆದು, ಆ ಮೇಲೆ ಸಾಮಾನುಗಳಿಗೆ ಸ್ಥಾನ ನಿಶ್ಚಯಿಸಿದರು. ಅಂಥ ಅಡಿಗೆಮನೆಗಳು ಹತ್ತು ಸಾವಿರದಷ್ಟು ಆದವು. ರೈಲಿನ ಡಬ್ಬಿಯಂಥ ಮನೆಯವನಾದ ನನಗೆ ಇದು ಧೈರ್ಯ ಕೊಟ್ಟಿತು. ಮೊದಲು ದಾರಿ, ಆ ಮೇಲೆ ಸಾಮಾನು ಎಂಬ ಕ್ರಮ ನನಗೆ ಹೊಳೆದದ್ದು ಅಲ್ಲಿಂದ.

ಚೌಕು ಗೆರೆಯ ಕಾಗದ ತಂದು, ಒಂದು ಚೌಕಿಗೆ ಒಂದು ಅಡಿಯಂತೆ ಮನೆಯ ನಕಾಶೆ ತೆಗೆದೆನು. ಹಳೆಯ ಲಗ್ನಪತ್ರಿಕೆಗಳ ರಟ್ಟನ್ನು ಕತ್ತರಿಸಿ ಮಂಚ, ಕಪಾಟ, ಟೇಬಲ್ಲು, ಫ್ರಿಜ್ಜು ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಮಾಡಿದೆನು. ಎರಡು ದಿನ ಅವುಗಳನ್ನು ಚದುರಂಗದ ಕಾಯಿಗಳಂತೆ ಸರಿಸುತ್ತ ಕುಳಿತೆನು. ಹಾಗೆ ಮಾಡಿದ್ದರಿಂದ ಲಾಭವಾಯಿತು. ಭಾರವಾದ ತಿಜೋರಿಯನ್ನು ಹತ್ತು ಸಲ ಎತ್ತುವದು ತಪ್ಪಿತು. ಆದರೆ ಬಾಗಿಲು ತೆರೆದಾಗ ಕದವು ಎಲ್ಲಿಯ ವರೆಗೆ ಬರುವದು, ಕಪಾಟ ತೆರೆದಾಗ ಮುಂದೆ ನಿಲ್ಲುವವನಿಗೆ ಎಷ್ಟು ಜಾಗ ಬೇಕು, ಕುರ್ಚಿಯನ್ನು ಹಿಂದಕ್ಕೆ ಸರಿಸಿದಾಗ ಅದು ಯಾರ ದಾರಿಗೆ ಬರುವದು ಎಂಬವನ್ನು ರಟ್ಟಿನ ತುಂಡು ತಾನಾಗಿ ಹೇಳುವದಿಲ್ಲ. ಅವುಗಳಿಗೂ ಬೇರೆ ತುಂಡು ಕತ್ತರಿಸಬೇಕು. ನನ್ನ ಪತ್ನಿಯು ಇದನ್ನೆಲ್ಲ ನೋಡಿ ನೋಡಿ, "ಕಾಗದದ ಮ್ಯಾಲೆ ಅತ್ತಿಯವರು ಹೆಂಗ ನಡದಾಡಬೇಕ್ರಿ?" ಎಂದು ಕೇಳಿ, ರಂಗೋಲಿಯ ಬಟ್ಟಲು ತಂದು, ಪಡಸಾಲೆಯ ನೆಲದ ಮೇಲೆ ಮಂಚದ ಅಳತೆಯ ಗೆರೆ ಎಳೆದಳು. ಅದರ ಪಕ್ಕಕ್ಕೆ ಕುರ್ಚಿಯ ಗೆರೆ, ಆಚೆಗೆ ಕಪಾಟದ ಗೆರೆ. ತಾಯಿಯವರು ವಾಕರು ಹಿಡಿದು ಆ ಗೆರೆಗಳ ನಡುವೆ ನಡೆದರು. ಕಾಲು ತಾಗಿ ರಂಗೋಲಿ ಅಳಿಸಿದ ಕಡೆಗೆಲ್ಲ ಗೆರೆ ಹಿಂದಕ್ಕೆ ಸರಿಯಿತು. ನನ್ನ ಎರಡು ದಿನಗಳ ಕೆಲಸವು ಅರ್ಧ ಗಂಟೆಯಲ್ಲಿ ಮುಗಿಯಿತು.

ಮಂಚದ ಸ್ಥಾನವನ್ನು ನಿಶ್ಚಯಿಸಿದವರೂ ತಾಯಿಯವರೇ. ನಡುಮನೆ ಬೇಡ, ಪಡಸಾಲೆಯಲ್ಲಿ ದಕ್ಷಿಣದ ಗೋಡೆಗೆ ಉದ್ದಕ್ಕೆ ಇರಲಿ ಎಂದರು. ತಲೆಯನ್ನು ಪೂರ್ವಕ್ಕೆ ಮಾಡೋಣವೆಂದೆನು. ದಕ್ಷಿಣವಿಲ್ಲದಿದ್ದರೆ ಪೂರ್ವ, ಪಶ್ಚಿಮ ಮಾತ್ರ ಬೇಡವೆಂಬದು ನಮ್ಮ ಮನೆಯ ಸಂಪ್ರದಾಯ. ಅವರು ಒಪ್ಪಲಿಲ್ಲ. "ಪೂರ್ವಕ್ಕ ತಲಿ ಮಾಡಿದ್ರ ಕಣ್ಣಿಗೆ ಅಡಿಗಿಮನಿ ಗ್ವಾಡಿ ಕಾಣಸ್ತದ. ಅರವತ್ತು ವರ್ಷ ಅದನ್ನ ನೋಡೀನಿ. ನನಗ ಬಾಗಲಾ ಕಾಣಬೇಕು, ಬಂದವರ ಮಾರಿ ಕಾಣಬೇಕು. ದಿಕ್ಕು ಹೋಗೂ ಮುಂದ ನೋಡೂಣಂತ." ವೈಯಾಕರಣನಾದ ನನಗೆ ಇದಕ್ಕೆ ಉತ್ತರ ತೋಚಲಿಲ್ಲ. ತಲೆ ಪಶ್ಚಿಮಕ್ಕೇ ಆಯಿತು.

ಹಾಗೆ ಮಂಚದ ಗೆರೆಯ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಕುಳಿತವರು ಎದುರಿನ ಉತ್ತರದ ಗೋಡೆಯನ್ನು ನೋಡಿದರು. ಅಲ್ಲಿ ನನ್ನ ದೊಡ್ಡ ಕಪಾಟ. ಅದರ ಹಿಂದೆ ಏನಿದೆಯೆಂಬದು ಮೂವರಿಗೂ ಗೊತ್ತಿತ್ತು. ಅಣ್ಣನು ತನ್ನ ಪಾಲಿನಲ್ಲಿ, ಆ ಬಾಗಿಲಿಗೆ ಹತ್ತಿಯೇ ಇದ್ದ ಉಗ್ರಾಣದ ಅಂಕಣವನ್ನು ಒಡೆದು ಬಚ್ಚಲು ಮಾಡಿಸಿದ್ದನು, ಅಲ್ಲಿಗೆ ಮೆಟ್ಟಿಲಿಲ್ಲ. ಮಂಚದಿಂದ ಎಣಿಸಿದರೆ ಹತ್ತು-ಹನ್ನೆರಡು ಹೆಜ್ಜೆ. ತಾಯಿಯವರು ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ನನ್ನ ಪತ್ನಿಯು ಕೈಗೆ ಹತ್ತಿದ ರಂಗೋಲಿಯನ್ನು ಝಾಡಿಸಿಕೊಂಡು, ಚಪ್ಪಲಿ ಮೆಟ್ಟಿ, ಬೀದಿಯ ಮೇಲಿಂದ ವೈನಿಯವರ ಮನೆಗೆ ಹೋದಳು.

ಆ ಮಧ್ಯಾಹ್ನ ಪುಸ್ತಕಗಳನ್ನೆಲ್ಲ ಇಳಿಸಿ, ಕಪಾಟವನ್ನು ಇಬ್ಬರು ಹುಡುಗರ ಸಹಾಯದಿಂದ ಬದಿಗೆ ಎಳೆದೆವು. ಹಿಂದೆ ಇಪ್ಪತ್ತೈದು ವರ್ಷಗಳ ಧೂಳು, ಜೇಡರ ಬಲೆ, ಮಗಳ ಒಂದು ಕಳೆದುಹೋದ ಕಡ್ಡಿಪಾಟಿ. ತುಕ್ಕು ಹಿಡಿದ ಅಗಳಿಯನ್ನು ಸುತ್ತಿಗೆಯಿಂದ ಬಡಿದು ತೆಗೆದೆನು. ಆ ಕಡೆಯ ಅಗಳಿ ತೆಗೆಯಿರೆಂದು ಕೂಗಬೇಕೆನ್ನುವಷ್ಟರಲ್ಲಿ ಕದವು ತಾನಾಗಿಯೇ ತೆರೆದುಕೊಂಡಿತು. ಆಚೆಗೆ ವೈನಿಯವರು ಕಸಬರಿಗೆ ಹಿಡಿದು ನಿಂತಿದ್ದರು. "ಇವರು ಹೋದ ವರ್ಷನ ನಮ್ಮ ಕಡೆ ಅಗಳಿ ತಗದೀನಿ," ಎಂದರು. "ನಿಮಗ ಸಪ್ಪಳ ಕೇಳಿಸಿರಲಿಕ್ಕಿಲ್ಲ. ಪುಸ್ತಕ ಅಡ್ಡ ಇದ್ದವಲ್ಲ." ನಾನು ತಲೆ ತಗ್ಗಿಸಿ ಧೂಳು ಉಡುಗಿದೆನು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಒಂದು ಕಪಾಟದಷ್ಟು ಪುಸ್ತಕಗಳನ್ನು ಹಳೆಯ ವಿದ್ಯಾರ್ಥಿಗಳಿಗೆ ಕೊಟ್ಟೆನು. ಕೊಡುವಾಗ ನೋವಾಯಿತು, ಆಗಲಿಲ್ಲವೆಂದು ಸುಳ್ಳು ಹೇಳಲಾರೆ. ಉಳಿದವು ನನ್ನ ಟೇಬಲ್ಲಿನೊಡನೆ ತಗ್ಗಿನ ಅಂಕಣಕ್ಕೆ ಇಳಿದವು. ಅಲ್ಲಿ ನೆಲ ತಂಪು, ಗೆದ್ದಲಿನ ಭಯ. ಆದುದರಿಂದ ಕಪಾಟದ ಕಾಲುಗಳ ಕೆಳಗೆ ಕಲ್ಲು ಕೊಟ್ಟು, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿದ್ದೇನೆ. ನನ್ನ ತಂದೆಯ ಕಾಲದಲ್ಲಿ ಆಕಳು ಮೇವು ತಿನ್ನುತ್ತಿದ್ದ ಗೋದಲಿಯಲ್ಲಿ ಈಗ ಶಬ್ದಕೋಶಗಳಿವೆ. ಪಡಸಾಲೆಯ ಜಮಖಾನೆಯ ಅಂಚು ವಾಕರಿಗೆ ತೊಡಕುವದೆಂದು ಅದನ್ನು ಸುತ್ತಿ ಅಟ್ಟಕ್ಕೇರಿಸಿದೆವು. ಕಪಾಟಗಳಿಗೆ ಪೀಡೆಯಾಗಿದ್ದ ಆ ಅರ್ಧ ಕಂಬಗಳಿಂದ ಮಾತ್ರ ಎಣಿಸದ ಉಪಕಾರವಾಯಿತು: ಕಂಬದಿಂದ ಕಂಬಕ್ಕೆ ಸೊಂಟದೆತ್ತರದಲ್ಲಿ ಸಾಗವಾನಿಯ ದುಂಡು ಹಿಡಿಕೆ ಜೋಡಿಸಿದ್ದರಿಂದ ತಾಯಿಯವರು ಗೋಡೆಯ ಉದ್ದಕ್ಕೂ ಅದನ್ನು ಹಿಡಿದು ನಡೆಯುತ್ತಾರೆ. ಮಂಚದಲ್ಲಿ ಮಲಗಿದಲ್ಲಿಯೇ ಕೈಗೆ ನಿಲುಕುವಂತೆ ದೀಪದ ಬಟನ್ನು ಹಾಕಿಸಿದ್ದೇವೆ, ಕರೆಂಟು ಹೋದ ರಾತ್ರಿಗೆಂದು ತಲೆದಿಂಬಿನ ಹತ್ತಿರ ಬ್ಯಾಟರಿ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಫ್ಲ್ಯಾಟು ಕೊಂಡ ನನ್ನ ಮಗಳಿಗೂ ರಂಗೋಲಿಯ ಉಪಾಯ ಪ್ರಯೋಜನಕ್ಕೆ ಬಂತು. ಅವಳ ಹಾಲು ಹದಿನೇಳು ಅಡಿ ಉದ್ದ, ಹನ್ನೊಂದು ಅಡಿ ಅಗಲ, ಬೆಳಕು ಬೇಕಾದಷ್ಟು. ಆದರೆ ಬಾಗಿಲುಗಳು ಐದು. ಹೊರಬಾಗಿಲು, ಎರಡು ಕೋಣೆ, ಅಡಿಗೆಮನೆ, ಗ್ಯಾಲರಿ. ಸೋಫಾವನ್ನು ಒಂದು ಗೋಡೆಗೆ, ಟೀವಿಯನ್ನು ಎದುರು ಗೋಡೆಗೆ ಒತ್ತಿ ಇಟ್ಟಿದ್ದರಿಂದ ಅಡಿಗೆಮನೆಗೆ ಹೋಗುವವರೆಲ್ಲ ನೋಡುವವರ ಕಣ್ಣ ಮುಂದೆಯೇ ಹಾಯಬೇಕು. ಅಳಿಯಂದಿರು ಕ್ರಿಕೆಟ್ಟು ನೋಡುವಾಗ ಮನೆಯಲ್ಲಿ ದಿನವೂ ಒಂದು ಸಣ್ಣ ವ್ಯಾಜ್ಯ. ಬಾಗಿಲಿನಿಂದ ಬಾಗಿಲಿಗೆ ಜನ ನಡೆಯುವ ಗೆರೆಗಳನ್ನು ನೆಲದ ಮೇಲೆ ಎಳೆದು ನೋಡಲು, ಗೆರೆಗಳೆಲ್ಲ ಒಂದೇ ಬದಿಗೆ ಕೂಡಿದವು. ಗ್ಯಾಲರಿಯ ಕಡೆಗೆ ಹತ್ತು ಅಡಿಯ ಒಂದು ಚೌಕು ಯಾರೂ ತುಳಿಯದೆ ಉಳಿಯಿತು. ಕುರ್ಚಿ-ಸೋಫಾಗಳನ್ನೆಲ್ಲ ಆ ಚೌಕಿನೊಳಗೆ ತಂದು, ಸೋಫಾದ ಬೆನ್ನನ್ನು ದಾರಿಯ ಕಡೆಗೆ ತಿರುವಿದೆವು. ಸೋಫಾದ ಬೆನ್ನು ಗೋಡೆಗೇ ಹತ್ತಿರಬೇಕೆಂದು ಯಾರು ವಿಧಿಸಿದರೋ ತಿಳಿಯದು. ಬೀಗಿತಿಯವರಿಗೆ ಅದು ಮೊದಲಿಗೆ ಸೇರಲಿಲ್ಲ. ಬಂದವರಿಗೆ ಬೆನ್ನು ತೋರಿಸಿದಂತಾಗುವದು ಎಂದರು. ಈಗ ಅಲ್ಲಿ ಕೂಡುವವರಲ್ಲಿ ಅವರೇ ಮೊದಲಿಗರು.

ತಾಯಿಯವರಿಗೆ ಈಗ ಎಂಬತ್ತಾರು. ಬೆಳಿಗ್ಗೆ ಆ ಬಾಗಿಲಿನಿಂದ ಆಚೆಗೆ ಹೋದವರು ವೈನಿಯವರ ಹತ್ತಿರ ಚಹ ಕುಡಿದೇ ಈಚೆಗೆ ಬರುವರು. ಬಾಗಿಲಿಗೆ ಸದ್ಯಕ್ಕೆ ಒಂದು ಪರದೆಯಿದೆ. ಮಂಚದ ಮೇಲಿಂದ ಬೀದಿ ಕಾಣುವದರಿಂದ ಪೇಟೆಯ ಸುದ್ದಿಯೆಲ್ಲ ನನಗಿಂತ ಮೊದಲು ಅವರಿಗೇ ತಿಳಿಯುವದು. ತಗ್ಗಿನ ಅಂಕಣದಲ್ಲಿ ಬಾಗಿಲ ಬದಿಗೆ ಕುಳಿತ ನನ್ನನ್ನು ದಾಟಿಯೇ ಜನ ಅವರನ್ನು ಮಾತಾಡಿಸಹೋಗುವರು. ನನ್ನ ಓದು ಮೊದಲಿನ ಅರ್ಧದಷ್ಟೂ ಸಾಗುವದಿಲ್ಲ.

ಒಂದು ಸಾಮಾನಿಗೆ ಮಾತ್ರ ಇನ್ನೂ ಸ್ಥಳ ಸಿಕ್ಕಿಲ್ಲ. ಬೆಳಕಿಂಡಿಯ ಗಾಜು ಹಂಚಿಗೆ ಕೂಡುವಲ್ಲಿ ಸೋರುತ್ತದೆ. ಹನಿ ಬೀಳುವದು ಮಂಚಕ್ಕೂ ಬಾಗಿಲಿಗೂ ನಟ್ಟನಡುವೆ, ತಾಯಿಯವರ ದಾರಿಯಲ್ಲಿ. ಬಕೀಟು ಇಟ್ಟರೆ ವಾಕರು ಹಾಯುವದಿಲ್ಲ, ಇಡದಿದ್ದರೆ ನೆಲ ಜಾರುವದು. ಸದ್ಯಕ್ಕೆ ಹಂಚಿನ ಕೆಳಗೆ ಒಂದು ತಗಡಿನ ದೋಣಿ ಕಟ್ಟಿ ನೀರನ್ನು ಕಂಬದ ಕಡೆಗೆ ತಿರುವಿದ್ದೇನೆ. ಹಂಚು ಸರಿಮಾಡುವವನು ದೀಪಾವಳಿಯ ನಂತರ ಬರುವೆನೆಂದಿದ್ದಾನೆ.